ಮುಲ್ಕಿ ಯಾರು, ಗೈರ್‌ಮುಲ್ಕಿ ಯಾರು?

‘ಮುಲ್ಕಿ’ ಎಂಬ ಮಾತು ಕಿವಿಗೆ ಬಿದ್ದರೆ ಕನ್ನಡನಾಡಿನ ಮೂರು ಕಡೆಯ ಹಿರಿಯರಿಗೆ ಮೂರು ಬೇರೆ ಬೇರೆ ಸಂಗತಿಗಳು ನೆನಪಾಗುತ್ತವೆ. ಮಂಗಳೂರು ಕಡೆಯವರಿಗೆ ಅದು ಶಾಂಭವಿ ನದಿಯ ದಡದ ಒಂದು ಊರು. ಧಾರವಾಡ, ವಿಜಾಪುರದ ಹಳಬರಿಗೆ ಏಳನೆಯ ಇಯತ್ತೆ ಮುಗಿದಾಗ ಕೂಡಬೇಕಾಗಿದ್ದ ಪರೀಕ್ಷೆ. ‘ಮುಲ್ಕಿ ಪಾಸಾದವ’ ಎಂದರೆ ಶಾಲೆಯ ಮಾಸ್ತರಿಕೆಗೋ ತಲಾಠಿ ಕೆಲಸಕ್ಕೋ ಅರ್ಹನಾದ ಎಂದೇ ಅಂದಿನ ಅರ್ಥ. ಬೀದರ, ಭಾಲ್ಕಿ, ಔರಾದ ಸೀಮೆಯ ಹಿರಿಯರಿಗೆ ಮಾತ್ರ ಅದು ಊರೂ ಅಲ್ಲ, ಪರೀಕ್ಷೆಯೂ ಅಲ್ಲ. ಅದು ಅವರದೇ ಹೆಸರು. ಹೈದರಾಬಾದ್ ಸಂಸ್ಥಾನದಲ್ಲಿ ಹುಟ್ಟಿ ಬೆಳೆದವನು ಮುಲ್ಕಿ. ಹೊರಗಿನಿಂದ ಬಂದವನು ಗೈರ್‌ಮುಲ್ಕಿ. ಸರಕಾರಿ ನೌಕರಿಯ ಬಾಗಿಲು ತೆರೆಯುವುದೂ ಮುಚ್ಚುವುದೂ ಈ ಎರಡು ಹೆಸರುಗಳ ಮೇಲೆ ನಿಂತಿತ್ತು.

ಕರಾವಳಿಯ ಊರಿಗೂ ಈ ಮಾತಿಗೂ ಸಂಬಂಧವಿಲ್ಲ. ಧಾರವಾಡದ ಪರೀಕ್ಷೆಗೆ ಮಾತ್ರ ಇದೆ. ಎರಡರ ಮೂಲವೂ ‘ಮುಲ್ಕ್’ ಎಂಬ ಅರಬ್ಬಿ ಪದ. ಅರಬ್ಬಿಯಲ್ಲಿ ಅದಕ್ಕೆ ಆಳ್ವಿಕೆ, ರಾಜ್ಯ ಎಂಬ ಅರ್ಥಗಳಿವೆ. ಪಾರಸಿ, ಉರ್ದುವಿಗೆ ಬರುವ ಹೊತ್ತಿಗೆ ನಾಡು, ದೇಶ ಎಂದಾಯಿತು. ಉತ್ತರ ಕರ್ನಾಟಕದ ಆಡುಮಾತಿನ ‘ಮುಲಕು’ ಇದೇ. ಇದರ ಒಡಹುಟ್ಟಿದ ಮಾತುಗಳನ್ನು ನಾವು ದಿನವೂ ಬಳಸುತ್ತೇವೆ. ಅಂಗಡಿಯ ‘ಮಾಲೀಕ’, ಪಿತ್ರಾರ್ಜಿತ ‘ಮಿಲ್ಕತ್ತು’, ಕಂದಾಯ ಕಚೇರಿಯ ‘ಮಾಲ್ಕಿ ಜಮೀನು’, ಇವೆಲ್ಲ ಒಂದೇ ಧಾತುವಿನ ಮಕ್ಕಳು. ಒಡೆತನ ಎಂಬುದು ಆ ಧಾತುವಿನ ಹುರುಳು. ಮರಾಠಿಯಲ್ಲಿ ‘ಮುಲ್ಕಿ’ ಎಂದರೆ ದಂಡಿಗೆ ಸೇರದ, ಕಂದಾಯ ಮತ್ತು ನಾಗರಿಕ ಆಡಳಿತಕ್ಕೆ ಸೇರಿದ ಕೆಲಸ. ಮುಂಬಯಿ ಪ್ರಾಂತದ ಪರೀಕ್ಷೆಗೆ ಆ ಹೆಸರು ಬಂದದ್ದು ಈ ದಾರಿಯಿಂದ. ಹೈದರಾಬಾದಿನಲ್ಲಿ ಮಾತು ಬೇರೆ ದಾರಿ ಹಿಡಿಯಿತು. ಮುಲ್ಕಿಗೆ ಸೇರಿದವನು ಮುಲ್ಕಿ, ಅಂದರೆ ಈ ನೆಲದವನು. ಒಡೆತನದ ಹಳೆಯ ನೆರಳೂ ಅದರೊಳಗೆ ಉಳಿದೇ ಇತ್ತು. ಇದು ನಮ್ಮದು, ಮೊದಲ ಹಕ್ಕು ನಮ್ಮದು ಎಂಬ ಧ್ವನಿ.

ಈ ಹೆಸರಿನಲ್ಲಿ ಒಂದು ವಿಶೇಷವಿದೆ. ಅದು ಭಾಷೆಯಿಂದಲೂ ಬಂದದ್ದಲ್ಲ, ಮತದಿಂದಲೂ ಬಂದದ್ದಲ್ಲ. ಸುಮಾರು 82 ಸಾವಿರ ಚದರ ಮೈಲಿ ಹರಡಿದ್ದ ಸಂಸ್ಥಾನದಲ್ಲಿ 16 ಜಿಲ್ಲೆಗಳಿದ್ದವು. ಎಂಟು ತೆಲುಗಿನವು, ಐದು ಮರಾಠಿಯವು, ಬೀದರ, ಗುಲಬರ್ಗಾ, ರಾಯಚೂರು ಈ ಮೂರು ಕನ್ನಡದವು. ಎಲ್ಲದರ ಮೇಲೆ ಉರ್ದು. ಅದರಲ್ಲೂ ಬೀದರ ಜಿಲ್ಲೆಯೊಂದರಲ್ಲೇ ಈ ನಾಲ್ಕೂ ಭಾಷೆಗಳು ಸಂತೆಯಲ್ಲಿ ಕೇಳಿಬರುತ್ತಿದ್ದವು. ಇಂಥಲ್ಲಿ ಎಲ್ಲರಿಗೂ ಹೊಂದುವ ಹೆಸರು ಬೇಕಿದ್ದರೆ ಅದು ನೆಲದ ಹೆಸರೇ ಆಗಬೇಕಿತ್ತು. ಭಾಲ್ಕಿಯ ಲಿಂಗಾಯತ ರೈತ, ಔರಾದದ ಮರಾಠಿ ಕುಳವಾಡಿ, ಬೀದರ ಪೇಟೆಯ ಬಿದರಿ ಕೆಲಸಗಾರ, ಹೈದರಾಬಾದಿನ ನವಾಬ ಎಲ್ಲರೂ ಕಾಗದದ ಮೇಲೆ ಒಂದೇ, ಮುಲ್ಕಿಗಳು. ಆದರೆ ನೆಲದವನು ಎನ್ನಿಸಿಕೊಳ್ಳಲು ನೆಲದ ಮೇಲೆ ಎಷ್ಟು ಕಾಲ ನಿಂತಿರಬೇಕು? ಜಗಳವೆಲ್ಲ ಹುಟ್ಟಿದ್ದು ಈ ಪ್ರಶ್ನೆಯಿಂದಲೇ.

ಈ ಪ್ರಶ್ನೆ ಬೀದರಕ್ಕೆ ಹೊಸದಲ್ಲ. ಮುಲ್ಕಿ ಎಂಬ ಹೆಸರು ಕಾಯಿದೆಯ ಪುಸ್ತಕ ಸೇರುವ ನಾನೂರು ವರ್ಷ ಮೊದಲೇ ಬೀದರ ಕೋಟೆಯೊಳಗೆ ಇದೇ ವ್ಯಾಜ್ಯ ಬೇರೆ ಹೆಸರಿನಲ್ಲಿ ನಡೆದು ಒಂದು ದೊಡ್ಡ ರಾಜ್ಯವನ್ನೇ ನುಂಗಿತ್ತು. ಬಹಮನಿ ಸುಲ್ತಾನ ಅಹಮದ್ ಷಾ (1422–1436) ಗುಲಬರ್ಗಾದಿಂದ ರಾಜಧಾನಿಯನ್ನು ಬೀದರಕ್ಕೆ ತಂದ. ಅವನ ಕಾಲದಲ್ಲಿ ಇರಾನ್, ಇರಾಕ್, ಮಧ್ಯ ಏಷ್ಯಾಗಳಿಂದ ಸಿಪಾಯಿಗಳು, ಕುದುರೆ ವ್ಯಾಪಾರಿಗಳು, ಪಂಡಿತರು ದಾಭೋಳ, ಚೌಲ್ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ಬೀದರಕ್ಕೆ ಬರತೊಡಗಿದರು. ಇವರನ್ನು ‘ಆಫಾಕಿ’ಗಳು ಎಂದು ಕರೆದರು. ‘ಆಫಾಕ್’ ಎಂದರೆ ದಿಗಂತಗಳು. ದಿಗಂತದಾಚೆಯಿಂದ ಬಂದವರು ಎಂಬ ಈ ಹೆಸರು ಕೇಳಲು ಸುಂದರ, ಸಹವಾಸಕ್ಕೆ ಅಷ್ಟು ಸುಂದರವಾಗಿರಲಿಲ್ಲ. ‘ಗರೀಬ್’ ಎಂದೂ ಅವರನ್ನು ಕರೆಯುತ್ತಿದ್ದರು. ಆಗ ಅದಕ್ಕೆ ಬಡವ ಎನ್ನುವುದಕ್ಕಿಂತ ಪರದೇಶಿ ಎಂಬ ಅರ್ಥ. ಅವರ ಎದುರು ಪಕ್ಷದವರು ‘ದಖನಿ’ಗಳು, ಈ ನೆಲದವರು.

ಈ ನೆಲದವರು ಎಂದರೆ ಯಾರು? ಮುಹಮ್ಮದ್ ಬಿನ್ ತುಘಲಕ್ 1327ರಲ್ಲಿ ದೌಲತಾಬಾದನ್ನು ರಾಜಧಾನಿ ಮಾಡಿಕೊಂಡಾಗ ದಿಲ್ಲಿಯಿಂದ ಬಂದು ಇಲ್ಲಿ ನೆಲೆಸಿದವರ ಮಕ್ಕಳು ಮೊಮ್ಮಕ್ಕಳೇ ಆ ಪಕ್ಷದ ಮುಖ್ಯ ಭಾಗ. ಸ್ಥಳೀಯವಾಗಿ ಮತಾಂತರಗೊಂಡವರು ಮತ್ತು ಹಬ್ಶಿಗಳು ಅವರೊಂದಿಗೆ ಕೂಡಿದ್ದರು. ಅಂದರೆ ನೂರು ವರ್ಷದ ಹಿಂದೆ ತಾವೇ ಹೊರಗಿನವರಾಗಿದ್ದವರು ಈಗ ನೆಲದವರಾಗಿ, ಹೊಸಬರನ್ನು ಹೊರಗಿನವರೆಂದು ಕರೆಯುತ್ತಿದ್ದರು. ಆ ಹೊತ್ತಿಗೆ ಬೀದರದ ಹೊಲಗಳಲ್ಲಿ ದುಡಿಯುತ್ತಿದ್ದ ಕನ್ನಡ, ಮರಾಠಿ, ತೆಲುಗು ಜನ ಎರಡೂ ಪಕ್ಷದ ಲೆಕ್ಕದಲ್ಲಿ ಇರಲಿಲ್ಲ ಎಂಬುದನ್ನೂ ನೆನೆಯಬೇಕು.

ಇರಾನಿನ ಗೀಲಾನ್ ಪ್ರಾಂತದ ಮಹಮೂದ್ ಗವಾನ 1453ರಲ್ಲಿ ವ್ಯಾಪಾರಕ್ಕಾಗಿ ಬೀದರಕ್ಕೆ ಬಂದ. ಬಂದವನು ಹಿಂದಿರುಗಲಿಲ್ಲ. ಮುಂದೆ ರಾಜ್ಯದ ಪ್ರಧಾನಿಯಾದ. ಬೀದರದ ನಡುವೆ ಇಂದಿಗೂ ಅರ್ಧ ಮುರಿದು ನಿಂತಿರುವ, ಬಣ್ಣದ ಹೆಂಚಿನ ಹೊದಿಕೆಯ ಮದರಸಾ 1472ರಲ್ಲಿ ಪೂರ್ಣಗೊಂಡದ್ದು ಅವನಿಂದ. ಅದೇ ಸುಮಾರಿಗೆ ಬೀದರಕ್ಕೆ ಬಂದಿದ್ದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಕೂಡ ಇಲ್ಲಿ ಅಧಿಕಾರವೆಲ್ಲ ಖುರಾಸಾನಿಗಳ ಕೈಯಲ್ಲಿದೆ ಎಂದು ಬರೆದುಕೊಂಡಿದ್ದಾನೆ. ಹೊಸಬನ ಕಣ್ಣಿಗೂ ಅದು ಬೀಳುವಷ್ಟಿತ್ತು. ಗವಾನ ತಾನು ಆಫಾಕಿಯಾಗಿದ್ದರೂ ಎರಡು ಪಕ್ಷಗಳ ನಡುವೆ ತಕ್ಕಡಿ ಸಮ ಹಿಡಿಯಲು ಯತ್ನಿಸಿದ. ನಾಲ್ಕಿದ್ದ ಪ್ರಾಂತಗಳನ್ನು ಎಂಟು ಮಾಡಿ ಎರಡೂ ಕಡೆಯವರಿಗೆ ಹಂಚಿದ. ಜತೆಗೆ, ಪ್ರಾಂತಾಧಿಕಾರಿಯ ವಶದಲ್ಲಿ ಒಂದೇ ಕೋಟೆ ಇರಬೇಕೆಂದು ವಿಧಿಸಿದ. ಹಂಚಿಕೆಗಿಂತ ಈ ಕಡಿತವೇ ಹೆಚ್ಚು ಜನರನ್ನು ಕೆರಳಿಸಿತು. ದಖನಿ ಪಕ್ಷದವರು ಅವನ ಮೊಹರು ಬಿದ್ದ ಖಾಲಿ ಕಾಗದ ಸಂಪಾದಿಸಿ, ಒರಿಸ್ಸಾದ ದೊರೆಗೆ ಬರೆದ ದ್ರೋಹದ ಪತ್ರವೊಂದನ್ನು ಅದರಲ್ಲಿ ಸೃಷ್ಟಿಸಿದರು. 1481ರ ಏಪ್ರಿಲ್‌ನಲ್ಲಿ ಸುಲ್ತಾನ ಮೂರನೆಯ ಮುಹಮ್ಮದ್ ಷಾ ವಿಚಾರಣೆಯನ್ನೂ ಮಾಡದೆ ಎಪ್ಪತ್ತು ದಾಟಿದ ಪ್ರಧಾನಿಯ ತಲೆ ತೆಗೆಸಿದ. ಮರುವರ್ಷ ಸುಲ್ತಾನನೂ ತೀರಿಕೊಂಡ. ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಐದು ಹೋಳಾಯಿತು.

ಮುಂದಿನ ಕಥೆ ಹೈದರಾಬಾದಿನದು. ನಾಲ್ಕು ಶತಮಾನ ದಾಟಿದರೂ ವ್ಯಾಜ್ಯದ ಮುಖ ಬದಲಾಗಲಿಲ್ಲ. 1853ರಿಂದ 1883ರವರೆಗೆ ನಿಜಾಮನ ದಿವಾನನಾಗಿದ್ದ ಸಾಲಾರ್ ಜಂಗ್ ಅಧಿಕಾರ ವಹಿಸಿಕೊಂಡಾಗ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. ಆತ ಜಿಲ್ಲೆಗಳನ್ನು ರಚಿಸಿ, ಕಂದಾಯ ವಸೂಲಿಯನ್ನು ಗುತ್ತಿಗೆದಾರರಿಂದ ಬಿಡಿಸಿ, ಬ್ರಿಟಿಷ್ ಮಾದರಿಯ ಕಚೇರಿಗಳನ್ನು ಕಟ್ಟಿದ. ಆ ಕಚೇರಿ ನಡೆಸುವ ವಿದ್ಯೆ ಬಲ್ಲವರು ಸಂಸ್ಥಾನದಲ್ಲಿ ಸಾಕಷ್ಟಿರಲಿಲ್ಲ. ಹೀಗಾಗಿ ಉತ್ತರ ಭಾರತದಿಂದ, ಅಲೀಗಢದ ಬಳಗದಿಂದ ಕರೆಸಿದ. ಮೊಹ್ಸಿನ್ ಉಲ್ ಮುಲ್ಕ್, ಸೈಯದ್ ಹುಸೇನ್ ಬಿಲ್‌ಗ್ರಾಮಿ, ಚಿರಾಗ್ ಅಲಿ, ನಜೀರ್ ಅಹಮದ್ ಮೊದಲಾದವರು ಹೀಗೆ ಬಂದವರು. ಜಾಣರು, ದಕ್ಷರು. ಆದರೆ ಒಬ್ಬ ಬಂದರೆ ಅವನ ಹಿಂದೆ ಅಣ್ಣತಮ್ಮಂದಿರು, ಸೋದರಳಿಯಂದಿರು ಬರುವುದು ತಪ್ಪಲಿಲ್ಲ. 1880ರ ದಶಕದಲ್ಲಿ ಪಾರಸಿಯ ಬದಲು ಉರ್ದು ಆಡಳಿತ ಭಾಷೆಯಾದ ಮೇಲಂತೂ ಲಖನೌ, ದಿಲ್ಲಿಯ ಉರ್ದುವಿನವರಿಗೆ ಹಾದಿ ಇನ್ನೂ ಸುಗಮವಾಯಿತು. ‘ನಕ್ಕೋ’, ‘ಹೌ’ ಎನ್ನುವ ದಖನಿ ಉರ್ದು ಅವರಿಗೆ ನಗೆಯ ವಸ್ತು. ಮರಾಠಿಯ ‘ನಕೋ’ ಬೆರೆತ ಆ ಮಾತಿನ ಮುಂದೆ ಅವರದು ಶುದ್ಧ ಉರ್ದು. ನಗುವಿಗೆ ಸ್ಥಳೀಯರು ಕೊಟ್ಟ ಉತ್ತರ ಒಂದೇ ಶಬ್ದದ್ದು: ಗೈರ್‌ಮುಲ್ಕಿ.

ಇಲ್ಲೂ ಹಳೆಯ ವಿನೋದ ಮರುಕಳಿಸಿತು. ಹೈದರಾಬಾದಿನ ಆಡಳಿತದಲ್ಲಿ ಮನೆಮಾತಾಗಿದ್ದ ಕಾಯಸ್ಥ ಮನೆತನಗಳಲ್ಲಿ ಹಲವು ಉತ್ತರದಿಂದ ಬಂದವೇ. ಅಸಫ್‌ಜಾಹಿ ಮನೆತನದ ಮೂಲಪುರುಷ ನಿಜಾಮ್ ಉಲ್ ಮುಲ್ಕ್ ತಾನೇ ದಿಲ್ಲಿಯ ಮೊಗಲರ ಸರದಾರ. 1724ರಲ್ಲಿ ಇಲ್ಲಿ ನೆಲೆಯೂರಿದವನು. ಅವನ ಬಿರುದಿನಲ್ಲೇ ‘ಮುಲ್ಕ್’ ಇದೆ. ಮೊದಲ ಸರದಿಯಲ್ಲಿ ಬಂದವರು ಮುಲ್ಕಿ, ಎರಡನೆಯ ಸರದಿಯವರು ಗೈರ್‌ಮುಲ್ಕಿ. ಬಸ್ಸಿನಲ್ಲಿ ಮೊದಲೇ ಹತ್ತಿ ಕುಳಿತವರು ಮುಂದಿನ ನಿಲ್ದಾಣದಲ್ಲಿ ಹತ್ತುವವರನ್ನು ನೋಡುವ ನೋಟವನ್ನು ಇದಕ್ಕೆ ಹೋಲಿಸಬಹುದು.

ದೂರುಗಳು, ಅರ್ಜಿಗಳು, ಆಗೊಂದು ಈಗೊಂದು ಆದೇಶಗಳು ಬಹಳ ವರ್ಷ ನಡೆದು, 1919ರಲ್ಲಿ ನಿಜಾಮ್ ಉಸ್ಮಾನ್ ಅಲಿ ಖಾನನ ಫರ್ಮಾನಿನಿಂದ ಮುಲ್ಕಿ ನಿಯಮಗಳು ಸ್ಥಿರ ರೂಪ ಪಡೆದವು. ನಿಜಾಮನ ವಿಶೇಷ ಮಂಜೂರಾತಿ ಇಲ್ಲದೆ ಮುಲ್ಕಿಯಲ್ಲದವನನ್ನು ಸಂಸ್ಥಾನದ ಯಾವ ನೌಕರಿಗೂ, ಮೇಲಿನದಿರಲಿ ಕೆಳಗಿನದಿರಲಿ, ತೆಗೆದುಕೊಳ್ಳುವಂತಿಲ್ಲ. ಮುಲ್ಕಿ ಯಾರೆಂಬುದಕ್ಕೆ ನಾಲ್ಕು ದಾರಿ. ಹುಟ್ಟಿನಿಂದಲೇ ಸಂಸ್ಥಾನದ ಪ್ರಜೆಯಾದವನು, ವಾಸದಿಂದ ಹಕ್ಕು ಪಡೆದವನು, ತಾನು ಹುಟ್ಟುವಾಗ ಹದಿನೈದು ವರ್ಷ ಸರಕಾರಿ ಸೇವೆ ಪೂರೈಸಿದ್ದ ತಂದೆಯ ಮಗ, ಮುಲ್ಕಿಯ ಹೆಂಡತಿ. ವಾಸದ ದಾರಿ ಹಿಡಿದವನು ಕನಿಷ್ಠ ಹದಿನೈದು ವರ್ಷ ಇಲ್ಲಿ ಖಾಯಂ ನೆಲೆಸಿರಬೇಕು. ಅಷ್ಟು ಸಾಲದು. ತನ್ನ ಹಳೆಯ ಊರಿಗೆ ಹಿಂದಿರುಗುವ ಯೋಚನೆಯನ್ನೇ ಬಿಟ್ಟಿದ್ದೇನೆಂದು ಪ್ರಮಾಣಪತ್ರವನ್ನೂ ಬರೆದುಕೊಡಬೇಕು. ಊರಿನ ಆಸೆ ಬಿಟ್ಟ ಮೇಲೆ ಮಾತ್ರ ನೀನು ಈ ಊರಿನವನು ಎಂಬ ಈ ಷರತ್ತಿನಲ್ಲಿ ಕಾಯಿದೆಗಿಂತ ಲೋಕಾನುಭವವೇ ಹೆಚ್ಚು ಕಾಣುತ್ತದೆ. ಮನಸ್ಸಿನ ಯೋಚನೆಯನ್ನು ಕಚೇರಿಯ ಗುಮಾಸ್ತ ಹೇಗೆ ಅಳೆಯಬೇಕು ಎಂಬುದು ಬೇರೆ ಮಾತು.

ಹೆಸರು ಎಲ್ಲರದೂ ಆದರೂ ಅದರ ಫಲ ಎಲ್ಲರದಾಗಲಿಲ್ಲ. ನೌಕರಿಗೆ ಉರ್ದು ಬೇಕು, ಉರ್ದುವಿಗೆ ಪಟ್ಟಣದ ಶಾಲೆ ಬೇಕು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಬೋಧನೆ ಉರ್ದುವಿನಲ್ಲೇ. ಭಾಲ್ಕಿ, ಔರಾದದ ಹಳ್ಳಿಯ ಕನ್ನಡದ ಹುಡುಗ ಹುಟ್ಟಿನಿಂದ ಅಪ್ಪಟ ಮುಲ್ಕಿ. ಆದರೆ ಅವನು ಆ ಬಾಗಿಲ ತನಕ ಹೋಗುವುದೇ ದುಸ್ತರವಾಗಿತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಆ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂದು ಜಿಲ್ಲೆಯ ಜನ ಅಭಿಮಾನದಿಂದ ಹೇಳುತ್ತಾರೆ. ತನ್ನ ನೆಲದಲ್ಲಿ ತನ್ನ ಭಾಷೆಯನ್ನು ಮರೆಯಲ್ಲಿ ಕಲಿಯಬೇಕಾದವನಿಗೆ ‘ನೆಲದವನು’ ಎಂಬ ಬಿರುದಿನಿಂದ ಎಷ್ಟು ಪ್ರಯೋಜನವಾದೀತು? ‘ಹೈದರಾಬಾದ್ ಹೈದರಾಬಾದಿಗಳಿಗೆ’ ಎಂಬ ಕೂಗು ಹಾಕಿ 1930ರ ದಶಕದ ನಡುವೆ ‘ಮುಲ್ಕಿ ಲೀಗ್’ ಎಂದೇ ಹೆಸರಾದ ಪ್ರಜೆಗಳ ಸಂಘ ಹುಟ್ಟಿತು. ಹಿಂದೂ, ಮುಸ್ಲಿಮರಿಬ್ಬರೂ ಇದ್ದ ಆ ಸಂಘದ ದನಿಯೂ ಬಹುಮಟ್ಟಿಗೆ ಓದಿದ ಪಟ್ಟಣಿಗರ ದನಿಯೇ ಆಗಿತ್ತು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಿಂದ ಸಂಸ್ಥಾನ ಭಾರತದಲ್ಲಿ ಸೇರಿತು. ಹೆಸರು ಉಳಿಯಿತು, ಅದು ಬೆರಳು ತೋರುವ ದಿಕ್ಕು ಮಾತ್ರ ತಿರುಗಿತು. ಅಲ್ಲಿಯವರೆಗೆ ಗೈರ್‌ಮುಲ್ಕಿ ಎಂದರೆ ಉತ್ತರದ ಹಿಂದುಸ್ತಾನಿ. ಹೊಸ ಆಡಳಿತ ಕಚೇರಿಗಳನ್ನು ತುಂಬಲು ಮದರಾಸು ಪ್ರಾಂತದಿಂದ, ಅದರಲ್ಲೂ ಕರಾವಳಿ ಆಂಧ್ರದಿಂದ ಇಂಗ್ಲಿಷ್ ಬಲ್ಲವರನ್ನು ಕರೆಸಿದಾಗ ಗೈರ್‌ಮುಲ್ಕಿ ಎಂದರೆ ದಕ್ಷಿಣದವನು ಎಂದಾಯಿತು. ಉರ್ದು ಕಲಿತ ಮುಲ್ಕಿಯ ವಿದ್ಯೆ ಒಮ್ಮೆಲೇ ಬೆಲೆ ಕಳೆದುಕೊಂಡಿತು. ಲಂಚ ಕೊಟ್ಟರೆ ನಿನ್ನೆ ಬಂದವನಿಗೂ ಮುಲ್ಕಿ ಸರ್ಟಿಫಿಕೇಟು ಸಿಗುತ್ತದೆ ಎಂಬ ದೂರು ಎಲ್ಲೆಡೆ ಎದ್ದಿತು. 1952ರಲ್ಲಿ ವರಂಗಲ್ಲಿನಲ್ಲಿ ಹೊತ್ತಿದ ವಿದ್ಯಾರ್ಥಿ ಚಳವಳಿ ಹೈದರಾಬಾದನ್ನು ತಲಪಿತು. ‘ಗೈರ್‌ಮುಲ್ಕಿ ಗೋ ಬ್ಯಾಕ್’ ಎಂಬ ಘೋಷಣೆಯ ಜತೆಗೆ ‘ಇಡ್ಲಿ ಸಾಂಬಾರ್ ಗೋ ಬ್ಯಾಕ್’ ಎಂಬುದೂ ಕೇಳಿಬಂತು. ಆ ಘೋಷಣೆ ಇಂದು ನಗು ತರಿಸಬಹುದು. ಸೆಪ್ಟೆಂಬರಿನಲ್ಲಿ ಸಿಟಿ ಕಾಲೇಜಿನ ಬಳಿ ನಡೆದ ಗೋಲಿಬಾರಿನಲ್ಲಿ ಸತ್ತವರು ನಗುವ ವಯಸ್ಸಿನ ಹುಡುಗರೇ ಆಗಿದ್ದರು.

ನಾಲ್ಕು ವರ್ಷದ ಬಳಿಕ, 1956ರ ನವೆಂಬರ್ 1ರಂದು, ‘ಮುಲ್ಕ್’ ಎಂಬುದೇ ಇಲ್ಲದಾಯಿತು. ಹೈದರಾಬಾದ್ ರಾಜ್ಯ ಮೂರು ಭಾಗವಾಗಿ ಆಂಧ್ರ, ಮುಂಬಯಿ, ಮೈಸೂರುಗಳಿಗೆ ಹೋಯಿತು. ಬೀದರ ಜಿಲ್ಲೆಯ ಪಾಡು ಇನ್ನೂ ವಿಚಿತ್ರ. ಜಿಲ್ಲೆ ತಾನೇ ಮೂರು ಹೋಳಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಕಡೆಯ ಭಾಗ ಮೈಸೂರಿಗೆ ಬಂತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿಗೆ, ಜಹೀರಾಬಾದ್ ಮತ್ತು ನಾರಾಯಣಖೇಡ್ ಆಂಧ್ರಕ್ಕೆ ಹೋದವು. ಒಂದೇ ಜಿಲ್ಲೆಯ ಮುಲ್ಕಿಗಳು ಒಂದು ರಾತ್ರಿಯಲ್ಲಿ ಮೂರು ರಾಜ್ಯದವರಾದರು.

ಕಾಯಿದೆಯೂ ಅವರನ್ನು ಬೇರೆ ಬೇರೆಯಾಗಿ ನೋಡಿತು. ನೌಕರಿಗೆ ವಾಸದ ಷರತ್ತು ಹಾಕುವ ಹಳೆಯ ನಿಯಮಗಳನ್ನು ಸಂಸತ್ತು 1957ರ ಕಾಯಿದೆಯಿಂದ ರದ್ದು ಮಾಡಿತು. ಕೆಲವೇ ಪ್ರದೇಶಗಳಿಗೆ ವಿನಾಯಿತಿ ಕೊಟ್ಟಿತು. ಅವುಗಳಲ್ಲಿ ತೆಲಂಗಾಣ ಒಂದು. ಹೀಗಾಗಿ ಗಡಿಯಾಚೆಯ ಜಹೀರಾಬಾದಿನವನು ಮುಲ್ಕಿಯಾಗಿಯೇ ಉಳಿದ. ಅವನ ಹೆಸರಿಗಾಗಿ 1969ರಲ್ಲಿ ಚಳವಳಿ ನಡೆಯಿತು. 1972ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಮುಲ್ಕಿ ನಿಯಮಗಳು ಊರ್ಜಿತವೆಂದಿತು. ಅದರ ವಿರುದ್ಧ ಕರಾವಳಿಯಲ್ಲಿ ‘ಜೈ ಆಂಧ್ರ’ ಚಳವಳಿ ಎದ್ದಿತು. 1973ರಲ್ಲಿ ನಿಯಮಗಳು ರದ್ದಾಗಿ ಅವುಗಳ ಜಾಗಕ್ಕೆ ಸಂವಿಧಾನದ 371(ಡಿ) ವಿಧಿ ಬಂತು. ಇಷ್ಟೆಲ್ಲ ಗದ್ದಲ ಅತ್ತ ನಡೆಯುತ್ತಿದ್ದಾಗ ಇತ್ತ ಬೀದರದಲ್ಲಿ ಅದೇ ಹೆಸರು ಸದ್ದಿಲ್ಲದೆ ಸತ್ತಿತ್ತು. ಭಾಷೆ ಒಂದಾದ ಮೇಲೆ ಒಳಗಿನವರು, ಹೊರಗಿನವರು ಎಂಬ ಮಾತೇಕೆ ಎಂಬ ಭಾವನೆ ಅದರ ಹಿಂದೆ ಇತ್ತೆನ್ನಬೇಕು. ಭಾವನೆ ಒಳ್ಳೆಯದೇ. ಆದರೆ ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರ್ ದೂರದ ಬೀದರ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ತಡವಾಗಿ ಶಾಲೆ ಕಂಡ ಬೀದರ, ಮೈಸೂರು ಧಾರವಾಡಗಳ ಜತೆ ಒಂದೇ ಗೆರೆಯಿಂದ ಓಡಬೇಕಾಯಿತು. ಹೊರಗಿನಿಂದ ನೇಮಕವಾಗಿ ಬಂದ ನೌಕರ ವರ್ಗಾವಣೆಗೆ ಅರ್ಜಿ ಹಾಕಿ ಹೊರಡುವುದು, ಹುದ್ದೆ ಖಾಲಿ ಬೀಳುವುದು ಇಲ್ಲಿನ ನಿತ್ಯದ ದೂರಾಯಿತು. ಮನಸ್ಸು ಹಳೆಯ ಊರಿನಲ್ಲೇ ಇರುವವನು ಇಲ್ಲಿ ನಿಲ್ಲುವುದಿಲ್ಲ ಎಂಬ 1919ರ ನಿಯಮದ ಶಂಕೆ ಹುಸಿಯಾಗಿರಲಿಲ್ಲ.

ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟ, ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ಸಮಿತಿಯ ವರದಿ ಇವೆಲ್ಲ ದಾಟಿ, 2012ರ ಡಿಸೆಂಬರಿನಲ್ಲಿ ಸಂಸತ್ತು 98ನೆಯ ತಿದ್ದುಪಡಿಯನ್ನು ಒಪ್ಪಿತು. 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂತು. ಆ ಪ್ರದೇಶಕ್ಕೆ ‘ಹುಟ್ಟಿನಿಂದ ಅಥವಾ ವಾಸದಿಂದ’ ಸೇರಿದವರಿಗೆ ಶಿಕ್ಷಣದಲ್ಲೂ ನೌಕರಿಯಲ್ಲೂ ಪಾಲು ಕಾದಿಡಬಹುದೆಂಬುದು ಅದರ ತಿರುಳು. ಹುಟ್ಟು ಅಥವಾ ವಾಸ, ಮುಲ್ಕಿಯನ್ನು ಗುರುತಿಸಿದ ಮೊದಲ ಎರಡು ದಾರಿಗಳೇ. ಹೆಸರು ಮಾತ್ರ ಮರಳಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕವೇ ಕಲ್ಯಾಣ ಕರ್ನಾಟಕವಾಯಿತು. ಬೀದರ ಜಿಲ್ಲೆಯ ಬಸವಕಲ್ಯಾಣದ ನೆನಪು ತರುವ ಹೆಸರು. ಆದರೆ ನೌಕರಿ ಹುಡುಕುವ ಹುಡುಗರ ಬಾಯಲ್ಲಿ ಅದು ಎರಡು ಅಕ್ಷರಕ್ಕೆ ಇಳಿಯಿತು. ‘ನೀನು ಎಚ್‌ಕೆನಾ, ನಾನ್ ಎಚ್‌ಕೆನಾ?’ ನೇಮಕಾತಿ ಪ್ರಕಟಣೆಯಲ್ಲಿ ಉಳಿದ ಕರ್ನಾಟಕಕ್ಕೆ ‘ಉಳಿಕೆ ಮೂಲ ವೃಂದ’ ಎಂಬ ಹೆಸರಿದೆ. ಅದು ಯಾರ ನಾಲಗೆಗೂ ಹತ್ತಲಿಲ್ಲ. ‘ನಾನ್ ಎಚ್‌ಕೆ’ ಎಂಬುದೇ ಸಲೀಸು. ಗೈರ್‌ಮುಲ್ಕಿಯ ‘ಗೈರ್’ ಎಂದರೂ ‘ಅಲ್ಲದ’ ಎಂದೇ ಅರ್ಥ.

ವಿಕಾರಾಬಾದಿನಿಂದ ಪರಳಿಗೆ ಹೋಗುವ ರೈಲು ಜಹೀರಾಬಾದ್, ಬೀದರ, ಭಾಲ್ಕಿ, ಕಮಲನಗರ, ಉದಗೀರಗಳನ್ನು ಒಂದಾದ ಮೇಲೊಂದು ಹಾಯುತ್ತದೆ. 1956ರ ಅಕ್ಟೋಬರ್ ಕೊನೆಯ ದಿನ ಈ ಐದೂ ನಿಲ್ದಾಣಗಳು ಒಂದೇ ಜಿಲ್ಲೆಯಲ್ಲಿದ್ದವು, ಹತ್ತಿ ಇಳಿಯುತ್ತಿದ್ದ ರೈತರೆಲ್ಲ ಮುಲ್ಕಿಗಳು. ಇಂದು ಅದೇ ದಾರಿ ಮೂರು ರಾಜ್ಯಗಳನ್ನು ಮುಟ್ಟುತ್ತದೆ. ಕಮಲನಗರದವನಿಗೆ 371(ಜೆ) ಇದೆ, ಪಕ್ಕದ ಉದಗೀರದವನಿಗೆ ಇಲ್ಲ. ಇತ್ತ, ಮದರಾಸು ಪ್ರಾಂತದಲ್ಲಿದ್ದು 1953ರಲ್ಲಿ ಮೈಸೂರು ಸೇರಿದ, ಆ ಹೊತ್ತಿಗೆ ನಿಜಾಮನ ಆಳ್ವಿಕೆಯ ಹೊರಗಿದ್ದ ಬಳ್ಳಾರಿ 371(ಜೆ) ಪಟ್ಟಿಯಲ್ಲಿದೆ. ಹಳೆಯ ಲೆಕ್ಕದಲ್ಲಿ ಬಳ್ಳಾರಿಯವನು ಗೈರ್‌ಮುಲ್ಕಿ, ಉದಗೀರದವನು ಮುಲ್ಕಿ.